ಕೂಡಬೇಕು ಎಂಬ ನಿಯಮ

ಆಟದ ಪುಸ್ತಕಗಳನ್ನು ಪರೀಕ್ಷೆ ಮಾಡುತ್ತೇನೆ ಎಂದರೆ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಜನ ನನ್ನನ್ನು ಪಿ.ಟಿ. ಟೀಚರ್ ಅಂದುಕೊಳ್ಳುತ್ತಾರೆ. ಖೋಖೋ ನಿಯಮದ ಪುಸ್ತಕವೇ ಎಂದು ಒಬ್ಬರು ಕೇಳಿದ್ದೂ ಉಂಟು. ಅಲ್ಲ. ನಾನು ಹೇಳುತ್ತಿರುವುದು ಮೇಜಿನ ಸುತ್ತ ಕೂತು ಬಾಯಲ್ಲೇ ಆಡುವ ಕಥೆಯಾಟದ ಬಗ್ಗೆ. ನಾಲ್ಕೈದು ಮಂದಿ ಸೇರುತ್ತಾರೆ. ಒಬ್ಬರ ಕೈಯಲ್ಲಿ ಪುಸ್ತಕ. ಅವರು ಊರು, ಕಾಡು, ಕಳ್ಳ, ದೊರೆ ಎಲ್ಲವನ್ನೂ ಹೇಳುತ್ತಾ ಹೋಗುತ್ತಾರೆ. ಉಳಿದವರು ತಲೆಗೊಂದು ಪಾತ್ರವಾಗಿ, ಈಗ ನಾನು ಹೀಗೆ ಮಾಡುತ್ತೇನೆ, ಹಾಗೆ ಹೇಳುತ್ತೇನೆ ಎಂದು ಕಥೆಯನ್ನು ಎಳೆಯುತ್ತಾರೆ. ಮಾಡಿದ್ದು ಫಲಿಸುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಎಸೆಯುತ್ತಾರೆ. ಇಂಥ ಆಟಕ್ಕೆ ಎರಡು ಬಗೆಯ ಪುಸ್ತಕಗಳು ಅಚ್ಚಾಗುತ್ತವೆ. ಆಡುವುದು ಹೇಗೆಂದು ಹೇಳುವುದು ನಿಯಮದ ಪುಸ್ತಕ. ಆಡಲೆಂದು ಸಿದ್ಧ ಮಾಡಿಟ್ಟ ಕಥೆ ಸಾಹಸದ ಪುಸ್ತಕ. ಅವು ಮೇಜಿನ ಮೇಲೆ ನಿಲ್ಲುತ್ತವೋ ಬೀಳುತ್ತವೋ ಎಂದು ಆಡಿಸಿ ನೋಡಿ ಬರೆಯುವುದು ನನ್ನ ಕೆಲಸ. ಸಂಬಳವಿಲ್ಲದ ಕೆಲಸ, ಆದರೆ ಹುಡುಗಾಟದ್ದಲ್ಲ.

ಹೊಟ್ಟೆಪಾಡಿಗೆ ನಾನು ಕನ್ನಡ ಕಲಿಸುತ್ತೇನೆ. ಸುರಪುರದಿಂದ ಹುಣಸಗಿ ಕಡೆಗೆ ಹೋಗುವ ದಾರಿಯಲ್ಲಿ, ಕಾಲುವೆ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯ ಹೈಸ್ಕೂಲು. ಈ ಆಟದ ಹುಚ್ಚು ಹತ್ತಿದ್ದು ಯಾದಗಿರಿಯಲ್ಲಿ, ಒಂದು ಶಿಕ್ಷಕರ ತರಬೇತಿಯಲ್ಲಿ. ಮಧ್ಯಾಹ್ನ ಊಟವಾಗಿ ಎಲ್ಲರೂ ತೂಕಡಿಸುತ್ತಿದ್ದಾಗ, ತರಬೇತಿ ಕೊಡಲು ಬಂದಿದ್ದವರೊಬ್ಬರು ನಮ್ಮ ನಿದ್ದೆ ಓಡಿಸಲು ಇಂಥದೊಂದು ಆಟ ಆಡಿಸಿದರು. ನಾನು ಹಡಗಿನ ಕಪ್ತಾನಳಾದೆ. ಸಮುದ್ರವನ್ನೇ ಕಾಣದವಳು ಅವತ್ತು ಎರಡು ತಾಸು ಬಿರುಗಾಳಿಯಲ್ಲಿ ಹಡಗು ನಡೆಸಿದೆ. ಪಕ್ಕದಲ್ಲಿ ಕೂತಿದ್ದ ಹಿರಿಯ ಹೆಡ್‌ಮಾಸ್ತರರನ್ನು, ಹೇಳಿದ ಮಾತು ಕೇಳದಿದ್ದರೆ ನೀರಿಗೆ ತಳ್ಳುತ್ತೇನೆಂದು ಗದರಿಸಿದೆ. ಅಂಥ ಸುಖ ನೌಕರಿಯಲ್ಲಿ ಮತ್ತೆಂದೂ ಸಿಕ್ಕಿಲ್ಲ. ಅಂದಿನಿಂದ ಈ ಪುಸ್ತಕಗಳನ್ನು ಟಪಾಲಿನಲ್ಲಿ ತರಿಸತೊಡಗಿದೆ. ಎಲ್ಲವೂ ಇಂಗ್ಲಿಷಿನವು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದುವುದು, ಆಡಿಸಿ ನೋಡುವುದು, ನೋಡಿದ್ದನ್ನು ಕನ್ನಡದಲ್ಲಿ ಬರೆದು ಇಂಟರ್ನೆಟ್ಟಿಗೆ ಹಾಕುವುದು. ಓದುವವರು ಬೆರಳೆಣಿಕೆಯಷ್ಟು. ಆದರೂ ಬರೆದೆ. ಇದೆಲ್ಲ ನಿನಗೆ ಯಾಕೆ ಬೇಕು ಎಂದು ಕೇಳಿದವರಿಗೆ, ನಿಮಗೆ ಕ್ರಿಕೆಟ್ ಯಾಕೆ ಬೇಕು ಎಂದು ತಿರುಗಿ ಕೇಳಿದೆ.

ಬರೀ ಓದಿ ವಿಮರ್ಶೆ ಬರೆಯುವವರನ್ನು ಕಂಡರೆ ನನಗೆ ಮೈಯುರಿ. ಚಿತ್ರ ಚೆಂದ, ಕಾಗದ ದಪ್ಪ, ಲೋಕ ವಿಶಾಲ ಎಂದು ಬರೆದು ಐದಕ್ಕೆ ಐದು ನಕ್ಷತ್ರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಬಸ್‌ಸ್ಟ್ಯಾಂಡಿನ ಬೋರ್ಡು ಓದಿ ಬಸ್ಸು ಬಂತು ಎಂದ ಹಾಗಾಯಿತು. ಪುಸ್ತಕ ಹಿಡಿದು ಮೂರು ಮುಖಗಳ ಎದುರು ಕೂತಾಗ ಅದರ ಹಕೀಕತ್ತು ಹೊರಬೀಳುತ್ತದೆ. ಆಡುವವರು ಸೇತುವೆ ದಾಟುವುದು ಬಿಟ್ಟು ಕೆಳಗಿಳಿದರೆ ಅಲ್ಲಿ ಏನಿದೆ ಎಂದು ಪುಸ್ತಕ ಹೇಳುತ್ತದೆಯೋ? ಬೇಕಾದ ನಿಯಮ ಚಹಾ ಆರುವುದರೊಳಗೆ ಸಿಗುತ್ತದೆಯೋ? ಕಥೆಯ ಊರಿನ ಜನಕ್ಕೆ ತಮ್ಮದೂ ಅಂತ ಏನಾದರೂ ಕೆಲಸಬೊಗಸೆ ಇದೆಯೋ, ಇಲ್ಲ ವೀರರು ಬರುವವರೆಗೆ ಬಾಯಿ ತೆರೆದುಕೊಂಡು ನಿಂತಿರುತ್ತಾರೋ? ಬರೆದವರು ಕನಸಿನಲ್ಲೂ ಎಣಿಸದ್ದನ್ನು ಆಡುವವರು ಮಾಡಿಯೇ ಮಾಡುತ್ತಾರೆ. ಆಗ ಪುಸ್ತಕ ಏನು ಮಾಡುತ್ತದೆ ಎನ್ನುವುದರ ಮೇಲೆ ನಾನು ಅಂಕ ಕೊಡುತ್ತೇನೆ. ಬಹಳ ಹೆಸರು ಮಾಡಿದ ಒಂದು ಪುಸ್ತಕಕ್ಕೆ ಹತ್ತಕ್ಕೆ ಎರಡು ಕೊಟ್ಟಿದ್ದೇನೆ, ಅದೂ ಬೈಂಡಿಂಗ್ ಗಟ್ಟಿ ಇತ್ತೆಂದು. ಇನ್ನೊಂದು ಪದ್ಧತಿ ಇಟ್ಟುಕೊಂಡಿದ್ದೆ. ನಿಯಮದ ಪುಟವನ್ನು ನಾನು ಓದಿ ಹೇಳುತ್ತಿರಲಿಲ್ಲ. ಆಡುವವರಲ್ಲಿ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಿದ್ದೆ. ಇಂಗ್ಲಿಷಿನದಾದರೆ ನನ್ನ ಅನುವಾದವನ್ನು ಓದಿಸುತ್ತಿದ್ದೆ. ಓದಿದವರಿಗೆ ತಿಳಿಯದಿದ್ದರೆ ತಪ್ಪು ಓದಿದವರದಲ್ಲ, ಬರೆದವರದು.

ಮೇಜು ಎಂದರೆ ನಿಜವಾದ ಮೇಜೇ. ಶಾಲೆಯ ಹಿಂದಿನ ಕೋಣೆಯಲ್ಲಿದ್ದ, ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ವಿಜ್ಞಾನದ ಮೇಜು. ಸಹೋದ್ಯೋಗಿಗಳನ್ನು ಕರೆದೆ, ಮಕ್ಕಳಾಟ ಎಂದು ನಕ್ಕರು. ಬೇಡ ಬಿಡಿ ಎಂದು ಬರುವವರನ್ನು ಹುಡುಕಿಕೊಂಡೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾವು ನಾಲ್ವರು ಉಳಿಯುತ್ತಿದ್ದೆವು. ಮೊದಲನೆಯವರು ಬಿಸಿಯೂಟದ ಅಕ್ಕ. ನಮ್ಮ ಶಾಲೆಯಲ್ಲಿ ಅಡುಗೆ ಮಾಡುವವರು, ಅದೇ ಹಳ್ಳಿಯವರು, ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದರೂ ಅಕ್ಷರ ಬಿಟ್ಟಿರಲಿಲ್ಲ. ಬೇಳೆ ಪೊಟ್ಟಣದ ಮೇಲಿನದ್ದನ್ನೂ ಬೆರಳಿಟ್ಟು ಓದುತ್ತಿದ್ದರು. ಎರಡನೆಯವರು ಶಾಲೆಯ ಕ್ಲರ್ಕ್, ಶಹಾಪುರದ ಕಡೆಯವರು, ಮಾತು ಕಡಿಮೆ. ಮೂರನೆಯವರು ಶಾಲೆಯ ಹಿಂದಿನ ಮನೆಯ ಕುರಿಗಾರ ಕಾಕಾ. ಒಂದಿಷ್ಟು ಒಣಹೊಲ, ಒಂದು ಹಿಂಡು ಕುರಿ. ಮೊದಲ ದಿನ ಚಹಾದ ಆಸೆಗೆ ಒಳಗೆ ಬಂದವರು, ಆಮೇಲೆ ಕೆಂಭಾವಿ ಸಂತೆ ಇದ್ದರೂ ಆಟ ತಪ್ಪಿಸಲಿಲ್ಲ. ಯಾವ ಕಥೆಯಲ್ಲೂ ಅವರು ಕುರಿಗಾರರೇ. ರಾಜನಾಗು ಅಂದರೂ ಒಪ್ಪುತ್ತಿರಲಿಲ್ಲ. "ರಾಜ ಆದ್ರ ಕುರಿ ಯಾರ ಕಾಯ್ತಾರ್ರಿ?" ಎನ್ನುತ್ತಿದ್ದರು.

ಹೀಗೆ ನಡೆಯುತ್ತಿರುವಾಗ ದೂರದ ನಗರದಿಂದ ಒಂದು ಫೋನು ಬಂತು. ಕನ್ನಡದಲ್ಲೇ ಒಂದು ಕಥೆಯಾಟದ ಪುಸ್ತಕ ಬರೆದಿದ್ದೇನೆ ಎಂದರು ಆ ಲೇಖಕರು. ಮುಂದಿನ ಅರ್ಧ ನಿಯಮ, ಹಿಂದಿನ ಅರ್ಧ ಸಾಹಸ. ಸಾಹಸ ನಡೆಯುವುದು ನಮ್ಮ ಸೀಮೆಯಂಥದೇ ಒಂದು ಕಾಲುವೆಯ ಊರಿನಲ್ಲಿ. ನನ್ನ ವಿಮರ್ಶೆಗಳನ್ನು ಓದಿದ್ದರಂತೆ. ಅಚ್ಚಿಗೆ ಹೋಗುವ ಮೊದಲು ಪರೀಕ್ಷೆ ಮಾಡಿ ವರದಿ ಬರೆದುಕೊಡಬೇಕು ಎಂದರು. "ಟೆಸ್ಟ್ ಮಾಡಿದ ಎಲ್ಲರ ಹೆಸರನ್ನೂ ಕೊನೇ ಪುಟದಲ್ಲಿ ಹಾಕ್ತೀವಿ ಮೇಡಂ," ಎಂದೂ ಸೇರಿಸಿದರು. ಕನ್ನಡದಲ್ಲಿ ಇಂಥ ಪುಸ್ತಕ ಬರುತ್ತದೆಂದು ನಾನು ಕಾಯುತ್ತಿದ್ದೆ. ಫೋನಿಟ್ಟ ಮೇಲೆ ಸ್ಟಾಫ್‌ರೂಮಿನಲ್ಲಿ ಒಬ್ಬಳೇ ನಕ್ಕೆ.

ಶನಿವಾರ ಈ ಸುದ್ದಿ ಹೇಳಿದಾಗ ಅಕ್ಕ ಹಿಡಿದಿದ್ದ ಚಹಾದ ಲೋಟ ಕೆಳಗಿಟ್ಟರು.

"ನನ್ನ ಹೆಸರೂ ಬರ್ತದೇನ್ರಿ, ಟೀಚರ? ಪುಸ್ತಕದಾಗ?"

"ಬರುತ್ತದೆ. ನಾಲ್ಕೂ ಜನರದು."

ಅವರ ಹೆಸರು ಅಲ್ಲಿಯವರೆಗೆ ಅಚ್ಚಾಗಿದ್ದು ಎರಡೇ ಕಡೆ, ಮತದಾರರ ಪಟ್ಟಿಯಲ್ಲಿ ಮತ್ತು ರೇಷನ್ ಕಾರ್ಡಿನಲ್ಲಿ. ಎರಡರಲ್ಲೂ ತಪ್ಪು. ಒಂದರಲ್ಲಿ ಒತ್ತಕ್ಷರ ಹೋಗಿತ್ತು, ಇನ್ನೊಂದರಲ್ಲಿ ಅವರು ಬೇರೆ ಯಾರೋ ಹೆಂಗಸೇ ಆಗಿಬಿಟ್ಟಿದ್ದರು. ತಿದ್ದಿಸಲು ಹೋಗಿ ಸಾಕಾಗಿತ್ತು. ಅವತ್ತು ನನ್ನ ನೋಟ್‌ಬುಕ್ಕಿನ ಹಾಳೆ ಹರಿಸಿಕೊಂಡು, ಪೆನ್ನು ಒತ್ತಿ ಹಿಡಿದು, ಪೂರ್ತಿ ಹೆಸರು ತಾವೇ ಬರೆದರು. ಕೊನೆಗೆ ಗಂಡನ ಹೆಸರು ಹಾಕಲೋ ಅಪ್ಪನದೋ ಎಂದು ಬಹಳ ಹೊತ್ತು ಯೋಚಿಸಿ ಎರಡೂ ಬೇಡವೆಂದು ಬಿಟ್ಟರು. "ಹಿಂಗ ಬರೀಬೇಕಂತ ಹೇಳ್ರಿ ಅವರಿಗೆ. ಒಂದ ಅಕ್ಷರ ಹೆಚ್ಚುಕಡಿಮಿ ಆಗಬಾರ್ದು." ನಾನು ಆ ಹಾಳೆಯ ಫೋಟೋ ತೆಗೆದು ಲೇಖಕರಿಗೆ ಕಳಿಸಿದೆ. ಕ್ಲರ್ಕ್ ಸಾಹೇಬರದೂ ಕಾಕಾರದೂ ಕಳಿಸಿದೆ. ಸಿಕ್ಕಿತು ಎಂದು ಉತ್ತರ ಬಂತು.

ಸಾಹಸದ ಕಥೆ ಇಷ್ಟು. ಕಾಲುವೆಯ ಕೊನೆಗೆ ಒಂದು ಹಳ್ಳಿ. ಮೇಲಿನ ಭಾಗದಲ್ಲಿ ಒಬ್ಬ ಜಮೀನ್ದಾರ ಗೇಟು ಹಾಕಿಸಿ, ನೀರೆಲ್ಲ ತನ್ನ ಭತ್ತದ ಗದ್ದೆಗೆ ತಿರುಗಿಸಿಕೊಂಡಿದ್ದಾನೆ. ಗೇಟಿಗೆ ಒಬ್ಬ ಕಾವಲುಗಾರ. ನಮ್ಮ ಪಾತ್ರಗಳು ಹೋಗಿ ಹಳ್ಳಿಗೆ ನೀರು ತರಬೇಕು. ಇದಕ್ಕೆ ಪುಸ್ತಕ ಮೂರು ದಾರಿ ತೋರಿಸಿತ್ತು. ಕಾವಲುಗಾರನನ್ನು ಹೊಡೆದು ಹಾಕುವುದು, ಕೀಲಿ ಕದಿಯುವುದು, ಇಲ್ಲವೆ ಜಮೀನ್ದಾರನ ಮಗಳನ್ನು ಒಲಿಸಿಕೊಳ್ಳುವುದು. ಮೂರನೆಯ ದಾರಿಯನ್ನು ಕೇಳಿ ಕ್ಲರ್ಕ್ ಸಾಹೇಬರು ಕೆಮ್ಮಿದರು. ಹೊಡೆದಾಟಕ್ಕೆ ಹದಿನೆಂಟು ಪುಟ ನಿಯಮಗಳಿದ್ದವು. ಯಾವ ಆಯುಧಕ್ಕೆ ಎಷ್ಟು ಪೆಟ್ಟು, ಕೊಡಲಿಗೂ ಕುಡುಗೋಲಿಗೂ ಏನು ವ್ಯತ್ಯಾಸ, ಎಲ್ಲವೂ. ನಾನು ಆ ಪುಸ್ತಕವನ್ನು ಬಸ್ಸಿನಲ್ಲಿ ಎರಡು ಸಲ ಓದಿಕೊಂಡು ಬಂದಿದ್ದೆ.

ಮುಖ್ಯ ನಿಯಮದ ಪುಟವನ್ನು ಅಕ್ಕನ ಕೈಗೆ ಕೊಟ್ಟೆ. ಅವರು ಬೆರಳಿಟ್ಟು ಓದಿದರು: "ಎದುರಾಳಿಯ ಮುಂದೆ ದಾಳ ಹಾಕಿದ ಮೇಲೆ ಎಲ್ಲರೂ ಕೂಡಬೇಕು. ಕೂಡಿದ್ದು ಹನ್ನೆರಡಾದರೆ ಎದುರಾಳಿ ದಾರಿ ಬಿಡಬೇಕು. ಕೂಡದಿದ್ದರೆ ಆ ಸರದಿ ವ್ಯರ್ಥ."

ಓದಿ ತಲೆ ಎತ್ತಿದರು. "ಬರೋಬ್ಬರಿ ಅದ. ಗೇಟಿನ ಮುಂದ ಕೂಡಬೇಕು. ಹನ್ನೆರಡ ಮಂದಿ ಕುಂತ್ರ ಅಂವ ದಾರಿ ಬಿಡಬೇಕು."

"ಖರೆ ಅದ," ಎಂದರು ಕಾಕಾ. "ಕೂಡಲಿಲ್ಲಂದ್ರ ಹೋಗಿದ್ದು ದಂಡ."

ನಮ್ಮ ಕಡೆ ಕೂಡು ಎಂದರೆ ಕುಳಿತುಕೋ. ಮನೆಗೆ ಯಾರೇ ಬರಲಿ, ಮೊದಲ ಮಾತು ಬರ್ರಿ, ಕೂಡ್ರಿ. ಲೆಕ್ಕದ ಕೆಲಸಕ್ಕೆ ನಾವು ಕೂಡಿಸು ಎನ್ನುತ್ತೇವೆ. ವ್ಯಾಕರಣ ಕಲಿಸುವವಳು ನಾನೂ ಅಲ್ಲೇ ಇದ್ದೆ, ಎರಡು ಸಲ ಓದಿದವಳು, ನನಗೂ ಒಂದಿಷ್ಟು ಅನುಮಾನ ಬರಲಿಲ್ಲ. ಕಾಲುವೆಯ ಗೇಟು ಎಂದ ಕೂಡಲೇ ನನ್ನ ಕಣ್ಣಿಗೂ ಅದರ ಮುಂದೆ ಕೂತ ಜನವೇ ಕಂಡದ್ದು. ಮೂವರೂ ಒಬ್ಬೊಬ್ಬರಾಗಿ ಎದ್ದುನಿಂತು ದಾಳ ಹಾಕಿದರು, ಹಾಕಿ ಗಂಭೀರವಾಗಿ ಕೂತರು. ದಾಳದಲ್ಲಿ ಎಷ್ಟು ಬಿತ್ತೆಂದು ಯಾರೂ ನೋಡಲಿಲ್ಲ.

ಈಗ ಗೇಟಿನ ಮುಂದೆ ಮೂರು ಜನ. ಇನ್ನೂ ಒಂಬತ್ತು ಬೇಕು. ಅಲ್ಲಿಂದ ಆ ಸಾಹಸ, ಬರೆದವರು ಹಾಕಿದ ಮೂರು ದಾರಿಗಳನ್ನೂ ಬಿಟ್ಟು ಊರೊಳಗೆ ನುಗ್ಗಿತು. ಅಕ್ಕನ ಪಾತ್ರ ಮನೆ ಮನೆಯ ಬಾಗಿಲಿಗೆ ಹೋಗಿ ನಿಂತಿತು. ಪುಸ್ತಕದಲ್ಲಿ ಆ ಮನೆಗಳಲ್ಲಿ ಜನವೇ ಇರಲಿಲ್ಲ, ನಕಾಶೆಯಲ್ಲಿ ಬರೀ ಚೌಕಗಳಿದ್ದವು. ನಾನು ಸ್ಥಳದಲ್ಲೇ ಜನರನ್ನು ಹುಟ್ಟಿಸಬೇಕಾಯಿತು. ಮೊಣಕಾಲು ನೋವಿನ ಮುದುಕಿಯಾದೆ, ನನಗೆ ಕೂಡಲಾಗುವುದಿಲ್ಲ ಎಂದೆ. ಕಾಕಾ ಕಟ್ಟಿಗೆಯ ಪೀಠ ತಂದುಕೊಟ್ಟರು. ಸೊಸೆಯನ್ನು ಹೊರಗೆ ಬಿಡದ ಅತ್ತೆಯಾದೆ. ಅಕ್ಕ ಅತ್ತೆಗೆ, "ಅಕಿನ್ನ ಕಾಯಾಕ ನೀವೂ ಬರ್ರಿ," ಎಂದು ಇಬ್ಬರನ್ನೂ ಎಬ್ಬಿಸಿಕೊಂಡು ಹೋದರು. ಪ್ರತಿ ಬಾಗಿಲಲ್ಲೂ ನಾನು ಒಂದು ತಕರಾರು ತೆಗೆದೆ, ಪ್ರತಿ ತಕರಾರಿಗೂ ಅವರ ಬಳಿ ಉತ್ತರವಿತ್ತು. ಎರಡು ಶನಿವಾರ ಹೀಗೇ ಹೋದವು. ಎಂಟು ಜನ ಬಂದರು, ಹನ್ನೊಂದಾಯಿತು, ಹನ್ನೆರಡನೆಯವರು ಸಿಗಲೊಲ್ಲರು. ಊರಿನಲ್ಲಿ ಚೌಕಗಳು ಮುಗಿದಿದ್ದವು.

"ನನ್ನ ಕುರಿ ಎಣಿಸ್ರಿ," ಎಂದರು ಕಾಕಾ. "ಮಂದಿ ಅಂತ ಎಲ್ಲಿ ಬರದಾರ? ಕೂಡಬೇಕಂದಾರ ಅಷ್ಟೇ."

ಪುಸ್ತಕ ತಿರುವಿ ನೋಡಿದೆ. ನಿಜ, ಮಂದಿ ಎಂದು ಬರೆದಿರಲಿಲ್ಲ. ಕ್ಲರ್ಕ್ ಸಾಹೇಬರು ಕೂಡ ಒಪ್ಪುವುದರಲ್ಲಿದ್ದರು. ಅಕ್ಕ ಒಪ್ಪಲಿಲ್ಲ.

"ಕುರಿ ಕೂಡ್ತಾವ ಕಾಕಾ, ಇಲ್ಲನ್ನಲ್ಲ. ಏಳಂದ್ರ ಏಳ್ತಾವ."

ಕಾಕಾ ನಗಲಿಲ್ಲ. ಅಕ್ಕನೂ ನಗುತ್ತಿರಲಿಲ್ಲ.

ಆಗ ನಾನು ಪುಸ್ತಕದ ಪ್ರಕಾರ ಜಮೀನ್ದಾರನನ್ನು ಗೇಟಿಗೆ ತಂದೆ. ಅವನು ನಯವಾಗಿ ಮಾತಾಡಬೇಕೆಂದು ಬರೆದಿತ್ತು. ನಾನು ಗಂಟಲು ಸರಿಮಾಡಿಕೊಂಡು, ನೀವೆಲ್ಲ ನಮ್ಮವರೇ, ಬಿಸಿಲಲ್ಲಿ ಯಾಕೆ ಕೂಡುತ್ತೀರಿ, ಈಗ ಮನೆಗೆ ನಡೆಯಿರಿ, ನಾಳೆ ಬೆಳಿಗ್ಗೆ ನಾನೇ ನೀರು ಬಿಡಿಸುತ್ತೇನೆ ಎಂದೆ. ದಾಳ ಹಾಕಿದೆ. ಬಿದ್ದದ್ದು ದೊಡ್ಡ ಸಂಖ್ಯೆ. ಪುಸ್ತಕದ ಪ್ರಕಾರ ಅವರು ನಂಬಿ ಏಳಬೇಕಿತ್ತು.

"ಏಳಂಗಿಲ್ಲ," ಎಂದರು ಅಕ್ಕ.

"ಅಕ್ಕಾ, ದಾಳ ಬಿದ್ದಿದೆ. ಏಳಬೇಕು."

"ಏಳಬೇಕಂತ ಎಲ್ಲಿ ಬರದದ ತೋರಸ್ರಿ. ಕೂಡಬೇಕಂತ ಬರದದ. ನಾನ ಓದೀನಿ." ಅವರ ದನಿ ಏರಿತ್ತು. "ಒಂದ ಸಲ ಎದ್ದೀವ್ರಿ ಟೀಚರ. ಸಾಕಾಗ್ಯಾದ."

ಆಮೇಲೆ ಹೇಳಿದರು. ನಾನು ಆ ಶಾಲೆಗೆ ಬರುವ ಮುಂಚಿನ ಮಾತು. ಕಾಲುವೆ ಬಂದು ವರ್ಷಗಳಾಗಿದ್ದರೂ ಅವರ ಹೊಲದ ತನಕ ನೀರು ಬರುತ್ತಿರಲಿಲ್ಲ. ಮೇಲಿನ ಹೊಲಗಳವರು ಭತ್ತ ಹಾಕಿಕೊಂಡು ಅಲ್ಲೇ ಹೀರಿಬಿಡುತ್ತಿದ್ದರು. ಒಮ್ಮೆ ಹೆಂಗಸರೆಲ್ಲ ರೊಟ್ಟಿ ಕಟ್ಟಿಕೊಂಡು ಹೋಗಿ ಗೇಟಿನ ಮುಂದೆ ಕೂತರು. ಎರಡು ದಿನ ಕೂತರು. ಮೂರನೆಯ ದಿನ ದೊಡ್ಡವರೊಬ್ಬರು ಜೀಪಿನಲ್ಲಿ ಬಂದು, ನಾಳೆ ನೀರು ಬರುತ್ತದೆ, ಏಳಿ ತಾಯಂದಿರೇ, ಎಂದು ಕೈಮುಗಿದರು. ಕೈ ಮುಗಿದವರ ಮಾತು ತೆಗೆದುಹಾಕುವುದು ಹೇಗೆ ಎಂದು ಮೊದಲು ಎದ್ದವರು ಇದೇ ಅಕ್ಕ. ಅವರು ಎದ್ದದ್ದು ನೋಡಿ ಉಳಿದವರೂ ಎದ್ದರು. ನೀರು ಬರಲಿಲ್ಲ. ಆ ವರ್ಷದ ತೊಗರಿ ಅಲ್ಲೇ ಒಣಗಿತು. "ಯಾರೂ ನನಗ ಏನೂ ಅಂದಿಲ್ರಿ," ಎಂದರು. "ಅಂದಿದ್ರ ಛಲೋ ಇತ್ತು."

ನಾನು ದಾಳ ತೆಗೆದು ಕಿಸೆಗೆ ಹಾಕಿಕೊಂಡೆ. ಜಮೀನ್ದಾರನನ್ನು ಬಂದ ದಾರಿಗೆ ಕಳಿಸಿದೆ. ಗೇಟಿನ ಹತ್ತಿರ ಈಗ ಹನ್ನೊಂದು ಜನ ಮತ್ತು ಕಾವಲುಗಾರ, ಅಷ್ಟೇ. ಅಕ್ಕ ಮೇಜಿನ ಆಚೆಯಿಂದ ನನ್ನನ್ನೇ, ಅಂದರೆ ಆ ಕಾವಲುಗಾರನನ್ನೇ ನೋಡಿದರು.

"ಏ ತಮ್ಮಾ, ನೀ ಯಾವೂರಾವ?"

ಪುಸ್ತಕದಲ್ಲಿ ಕಾವಲುಗಾರನಿಗೆ ಊರಿರಲಿಲ್ಲ. ಬಲ ಎಂಟು, ಚುರುಕು ಐದು, ಕೈಯಲ್ಲಿ ದೊಣ್ಣೆ ಎಂದಿತ್ತು. "ಇದೇ ಊರು," ಎಂದೆ.

"ಮುಂಜಾಲಿಂದ ನಿಂತೀದಿ. ಉಂಡೀದಿಲ್ಲೋ?"

"ಇಲ್ಲ."

"ಬಾ. ರೊಟ್ಟಿ ಅದಾವ. ಕೂಡು."

ನಾನು ಕಾವಲುಗಾರನನ್ನು ಕೂಡಿಸಿದೆ. ಕಾಕಾ ಹಾ ಎಂದು ಮೇಜು ಗುದ್ದಿದರು, ಇಟ್ಟಿಗೆ ಸರಿದು ಚಹಾ ಚೆಲ್ಲಿತು. ಹನ್ನೆರಡು. ಗೇಟು ತೆರೆಯಿತು, ನೀರು ಹೋಯಿತು. ಎಷ್ಟೋ ಆಟಗಳನ್ನು ಆಡಿಸಿದ್ದೇನೆ, ರಾಕ್ಷಸರನ್ನು ಕೊಲ್ಲಿಸಿದ್ದೇನೆ, ಅರಮನೆಗಳನ್ನು ಕೊಳ್ಳೆ ಹೊಡೆಸಿದ್ದೇನೆ. ಆ ಮಧ್ಯಾಹ್ನದಷ್ಟು ಗೆದ್ದ ಸಂತೋಷ ನನಗೆ ಯಾವತ್ತೂ ಆಗಿಲ್ಲ.

ತಪ್ಪು ಹಿಡಿದವರು ಕ್ಲರ್ಕ್ ಸಾಹೇಬರು. ಮುಂದಿನ ವಾರ ವರದಿ ಬರೆಯಲು ಕೂತಾಗ ಬಹಳ ಸಂಕೋಚದಿಂದ ಕೇಳಿದರು. "ಮೇಡಂ, ಕೂಡೂದೇ ಇದ್ರ ದಾಳ ಯಾಕ 'ಹಾಕ್ರಿ' ಅಂದಾರ? ಇದು ಕೂಡ್ಸೂದು ಇರಬೇಕೇನ್ರಿ?" ಪುಟ ತೆಗೆದು ನೋಡಿದೆ. ಮೂರು ದಾಳಗಳನ್ನು ಹಾಕಿ, ಬಿದ್ದದ್ದನ್ನು ಕೂಡಿ, ಮೊತ್ತ ಹನ್ನೆರಡಾದರೆ ಗೆಲುವು. ಅಷ್ಟೇ ಇದ್ದದ್ದು. ಆಮೇಲೆ ನಗು ಬಂತು, ನಾಲ್ವರೂ ಕಣ್ಣೀರು ಬರುವಂತೆ ನಕ್ಕೆವು. ನಕ್ಕು ಮುಗಿದ ಮೇಲೆ ನಾನು ಏನನ್ನೂ ಮುಚ್ಚಿಡದೆ ಬರೆದೆ. ಈ ನಿಯಮ ನಮ್ಮ ಸೀಮೆಯಲ್ಲಿ ಬೇರೆ ಅರ್ಥ ಕೊಡುತ್ತದೆ, ತಿದ್ದಿ. ಮನೆಗಳಲ್ಲಿ ಜನರಿಲ್ಲ, ತುಂಬಿ. ಹೊಡೆಯುವುದಕ್ಕೆ ಹದಿನೆಂಟು ಪುಟವಿದೆ, ಕೂಡುವುದಕ್ಕೆ ಅರ್ಧ ಸಾಲಿಲ್ಲ. ಕಾಲುವೆಯ ಕೊನೆಯವರ ಕಥೆ ಬರೆದವರಿಗೆ ಅವರು ಏನು ಮಾಡುತ್ತಾರೆಂದು ಗೊತ್ತಿರಬೇಕಿತ್ತು. ಈಗಿರುವಂತೆ ಹತ್ತಕ್ಕೆ ನಾಲ್ಕು. ನಮ್ಮವರು ತಪ್ಪಿ ಕಟ್ಟಿದ ನಿಯಮವನ್ನು ಸೇರಿಸಿದರೆ ಎಂಟು.

ವರದಿ ಕಳಿಸಿದೆ. ಸೋಮವಾರ ಬೆಳಿಗ್ಗೆಯೇ ಲೇಖಕರು ಫೋನು ಮಾಡಿದರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ಟೇಬಲ್‌ನವರಿಗೆ ಸರಿಯಾದ ಕನ್ನಡ ಬರಲ್ಲ ಅಂತ ಇದು ತೋರಿಸುತ್ತೆ ಅಷ್ಟೆ. ಯಾದಗಿರೀಲಿ ಕಾಲೇಜಿನವರು ಯಾರಾದ್ರೂ ಸಿಗಲ್ವಾ? ಅವರ ಹತ್ರ ಇನ್ನೊಂದ್ಸಲ ಆಡಿಸಿ ನೋಡಿ."

"ಸಿಗುತ್ತಾರೆ, ಹುಡುಕುವುದಿಲ್ಲ," ಎಂದೆ. "ನಮ್ಮ ಊರಿನ ಕಥೆ ಹೇಳುತ್ತೇನೆಂದು ಬಂದ ಪುಸ್ತಕಕ್ಕೆ ನಮ್ಮ ಬಾಗಿಲಲ್ಲಿ ಆಡುವ ಮೊದಲ ಮಾತೇ ಗೊತ್ತಿಲ್ಲ. ಕನ್ನಡ ಬರದಿರುವುದು ಯಾರಿಗೆ?"

ಅವರು ನೋಡೋಣ ಎಂದು ಫೋನಿಟ್ಟರು. ನಾನು ಆ ದಿನವೆಲ್ಲ ಒಂಬತ್ತನೆಯ ತರಗತಿಯ ಮಕ್ಕಳ ಮೇಲೆ ಹರಿಹಾಯ್ದೆ, ಪಾಪ.

ಪುಸ್ತಕ ಅಚ್ಚಾಗಿ ಶಾಲೆಯ ವಿಳಾಸಕ್ಕೆ ಬಂದದ್ದು ಮಳೆಗಾಲ ಕಳೆದ ಮೇಲೆ. ಒಂದೇ ಪ್ರತಿ. ಸ್ಟಾಫ್‌ರೂಮಿನಲ್ಲಿ ನಿಂತೇ ತೆರೆದೆ. 'ಕೂಡಬೇಕು' ಎಂಬಲ್ಲೆಲ್ಲ 'ಮೊತ್ತ ಮಾಡಬೇಕು' ಎಂದಾಗಿತ್ತು. ಆಮೇಲೆ ಒಂದು ಹೊಸ ಅಧ್ಯಾಯ. ಗೇಟಿನ ಮುಂದೆ ಕೂರುವುದು. ಮನೆ ಮನೆಗೆ ಹೋಗಿ ಜನ ಸೇರಿಸುವುದು, ಹನ್ನೆರಡು ಜನ, ಮೊಣಕಾಲು ನೋವಿನ ಮುದುಕಿ, ಅತ್ತೆ ಸೊಸೆ, ಕೊನೆಗೆ ಊಟಕ್ಕೆ ಕರೆದರೆ ಕಾವಲುಗಾರನೂ ಕೂರಬಹುದು. ಯಾರ ಮಾತಿಗೂ ಏಳಬಾರದು ಎಂದೂ ಇತ್ತು. ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದಾಗ ಈ ನಿಯಮ ತಮಗೆ ಹೊಳೆಯಿತೆಂದು ಮುನ್ನುಡಿಯಲ್ಲಿ ಬರೆದುಕೊಂಡಿದ್ದರು. ಕೊನೆಯ ಪುಟದಲ್ಲಿ ಒಂದೇ ಹೆಸರು, ನನ್ನದು. ಭಾಷೆಯ ತಿದ್ದುಪಡಿಗೆ ನೆರವಾದ ಶಿಕ್ಷಕಿ ಎಂದು.

ನಾಚಿಕೆಯಾದರೂ ಹೇಳುತ್ತೇನೆ. ಮೊದಲ ಒಂದು ಗಳಿಗೆ, ಅಚ್ಚಾದ ನನ್ನ ಹೆಸರು ನೋಡಿ ನನಗೆ ಖುಷಿಯಾಯಿತು. ಸಿಟ್ಟು ಬಂದದ್ದು ಆಮೇಲೆ. ಅಷ್ಟರಲ್ಲಿ ಪಾರ್ಸೆಲ್ ಬಂದ ಸುದ್ದಿ ಅಡುಗೆಮನೆಗೆ ಮುಟ್ಟಿ, ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತಿದ್ದರು. ಹಿಂದೆ ಕ್ಲರ್ಕ್ ಸಾಹೇಬರು.

"ಓದ್ರಿ ಟೀಚರ, ಕೊನಿ ಪುಟ."

ನಾನು ಓದಿದೆ. ಮೊದಲು ನನ್ನ ಹೆಸರು ಓದಿದೆ. ಅಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅವರ ಮುಖ ನೋಡಿ ನಿಲ್ಲಿಸಲಾಗಲಿಲ್ಲ. ಅವರ ಹೆಸರು ಓದಿದೆ, ಅವರು ಬರೆದುಕೊಟ್ಟ ಹಾಗೆಯೇ, ಪೂರ್ತಿ. ಕ್ಲರ್ಕ್ ಸಾಹೇಬರದು ಓದಿದೆ, ಕಾಕಾರದು ಓದಿದೆ. ಓದುತ್ತಾ ಪುಟವನ್ನು ಎದೆಗೆ ಹತ್ತಿರ ಹಿಡಿದುಕೊಂಡೆ.

ಅಕ್ಕ ಒಳಗೆ ಬಂದು ಪುಸ್ತಕ ತೆಗೆದುಕೊಂಡರು. ಕೊನೆಯ ಪುಟದ ಮೇಲೆ ಬೆರಳಿಟ್ಟರು. ಬೆರಳು ಒಂದು ಸಾಲು ನಡೆದು ನಿಂತಿತು. ಕೆಳಗೆ ಬರೀ ಬಿಳಿ ಕಾಗದವಿತ್ತು. ಅದರ ಮೇಲೂ ಒಂದು ಸಲ ಬೆರಳು ಎಳೆದು ನೋಡಿದರು.

"ಸುಳ್ಳ ಓದಬ್ಯಾಡ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಇಲ್ಲ ಅಂದ್ರ ಇಲ್ಲ ಅನ್ರಿ. ನಾಳೆ ಬರ್ತದಂತ ಕೈ ಮುಗದಾಂವಗೂ ನಿಮಗೂ ಏನ ಫರಕ್ ಉಳೀತು?"

ದೊಡ್ಡ ದೊಡ್ಡ ಪುಸ್ತಕಗಳನ್ನು ಸುಳ್ಳು ಹೇಳುತ್ತವೆಂದು ಬೈದು ಬರೆದವಳು ನಾನು. ಕ್ಲರ್ಕ್ ಸಾಹೇಬರು ನೆಲ ನೋಡುತ್ತಿದ್ದರು. ಅಕ್ಕ ಪುಸ್ತಕವನ್ನು ನೆಟ್ಟಗೆ ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದರು. ಒಲೆಯ ಮೇಲೆ ಸಾರಿತ್ತು.

ಅದೇ ದಿನ ಲೇಖಕರಿಗೆ ಪತ್ರ ಬರೆದೆ. ಆ ಅಧ್ಯಾಯ ಯಾರದೆಂದು ನಿಮಗೂ ಗೊತ್ತು, ನನಗೂ ಗೊತ್ತು, ವರದಿ ನನ್ನ ಬಳಿ ಇದೆ. ಉಳಿದ ಮೂವರ ಹೆಸರು ಹಾಕಿ, ಇಲ್ಲವೇ ನನ್ನದನ್ನೂ ತೆಗೆಯಿರಿ. ಇನ್ನು ನಿಮ್ಮ ಯಾವ ಪುಸ್ತಕವನ್ನೂ ನಾನು ಮುಟ್ಟುವುದಿಲ್ಲ. ಉತ್ತರ ನಯವಾಗಿಯೇ ಬಂತು. ಪುಟದಲ್ಲಿ ಜಾಗ ಸಾಲಲಿಲ್ಲವಂತೆ. ಎರಡನೆಯ ಮುದ್ರಣವಾದರೆ ನೋಡೋಣವಂತೆ. ಅಲ್ಲಿಯವರೆಗೆ ನೀವೇ ಎಲ್ಲಾದರೂ ಒಂದು ಲೇಖನ ಬರೆದು ಅವರ ಹೆಸರು ಹಾಕಿಬಿಡಿ ಮೇಡಂ, ನಾನೇ ನಾಲ್ಕು ಜನಕ್ಕೆ ಹಂಚುತ್ತೇನೆ ಎಂದಿದ್ದರು.

ಸಿಟ್ಟಿದ್ದರೂ ಆ ಮಾತು ನನಗೆ ಸರಿ ಎನಿಸಿತು. ಬರೆಯುವುದು ನನ್ನ ಕೈಯಲ್ಲಿರುವ ಕೆಲಸ. ನಡೆದದ್ದನ್ನೆಲ್ಲ ಬರೆದು, ಮೂವರ ಹೆಸರನ್ನೂ ಒಂದಕ್ಷರ ತಪ್ಪದಂತೆ ಹಾಕಿ ಅಚ್ಚು ಮಾಡಿಸಿದರೆ ನನ್ನ ತಪ್ಪೂ ಅಷ್ಟಿಷ್ಟು ತೊಳೆದೀತು ಎಂದುಕೊಂಡೆ. ಮೊದಲು ಕಾಕಾರನ್ನು, ಕ್ಲರ್ಕ್ ಸಾಹೇಬರನ್ನು ಕೇಳಿದೆ. ಅಕ್ಕ ಹೇಳಿದಂತೆ ಎಂದರು ಇಬ್ಬರೂ. ಅಡುಗೆಮನೆಗೆ ಹೋಗಿ, ಅಕ್ಕಾ, ನಾನೇ ಬರೆಯುತ್ತೇನೆ, ನಿಮ್ಮ ಹೆಸರು ಹಾಕಲೇ ಎಂದೆ.

ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಬರೀರಿ. ಹೆಸರ ಹಾಕಬ್ಯಾಡ್ರಿ," ಎಂದರು. "ಅಂವ ಎಲ್ಲಿ ಬಿಟ್ಟಾನ, ಅಲ್ಲೇ ಬರೀಬೇಕು. ಬ್ಯಾರೆ ಕಡೆ ಬಂದ್ರ, ಅಲ್ಲಿ ಬರಲಿಲ್ಲಂದ್ರೂ ನಡೀತು ಅಂತಾನ. ಆ ಪುಟದಾಗ ಬರೂತನಕ ನನ್ನ ಹೆಸರ ಎಲ್ಲೂ ಬ್ಯಾಡ."

ಎರಡನೆಯ ಮುದ್ರಣ ಇನ್ನೂ ಬಂದಿಲ್ಲ. ಆದ್ದರಿಂದ ಈ ಬರಹದಲ್ಲಿ ಯಾರ ಹೆಸರೂ ಇಲ್ಲ, ನನ್ನದೂ.